ಮೂರನೇ ಕಿಂಡಿಯ ಬಟ್ಟೆ

ಆ ಕೆಂಪು ಕಾರು ಬಂದ ದಿನ ಬೆಳಗ್ಗೆ ಭೀಮರಾಜನ ಮನೆಯಲ್ಲಿ ಎರಡು ಸಲ ಉಪ್ಪಿಟ್ಟು ಮಾಡಬೇಕಾಯಿತು. ಮೊದಲನೆಯದನ್ನು ಕೆಡಿಸಿದವನು ಅವನ ಅಪ್ಪ ರಂಗರಾಜು. ಭೀಮರಾಜನ ಹೆಂಡತಿ ಸುನಿತಾ ಎಸರಿಟ್ಟು ಮಗಳಿಗೆ ಜಡೆ ಹಾಕಲು ಕೂತಿದ್ದಾಗ, ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬ ಅನುಮಾನ ಬಂದು ಮುದುಕ ಒಂದು ಹಿಡಿ ಸುರಿದ. ಹಿತ್ತಿಲಿಗೆ ಹೋಗಿ ಮುಖ ತೊಳೆದು ಬಂದು ಅದೇ ಅನುಮಾನದಲ್ಲಿ ಇನ್ನೊಂದು ಹಿಡಿ ಸುರಿದ. ಮೊದಲ ತುತ್ತು ಬಾಯಿಗಿಟ್ಟ ಮೊಮ್ಮಗಳು ತೇಜಸ್ವಿನಿ ಅಂಗಳಕ್ಕೆ ಓಡಿ ಉಗಿದಳು. ಯಾರ ಕೆಲಸ ಎಂದು ಯಾರೂ ಕೇಳಲಿಲ್ಲ. ಹಿಂದಿನ ವರ್ಷವಾಗಿದ್ದರೆ ಕೇಳುತ್ತಿದ್ದರು, ನಗುತ್ತಲೂ ಇದ್ದರು. ಈಗ ಸುನಿತಾ ಬಾಣಲೆ ತೊಳೆದು ಮತ್ತೆ ರವೆ ಹುರಿದಳು. ಅವಳು ಪಾಠ ಹೇಳುವ ಶಾಲೆಯ ಪ್ರಾರ್ಥನೆ ಅವಳಿಲ್ಲದೆಯೇ ಮುಗಿಯಿತು.

ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಅವರ ಮನೆ. ಮನೆಗೆ ಅಂಟಿಕೊಂಡೇ ಶೆಡ್ಡು. ಪಕ್ಕದಲ್ಲಿ ಕಡಲೆಕಾಯಿ ಸುಲಿಯುವ ಮಿಲ್ಲು, ಎದುರಿಗೆ ತಟ್ಟೆ ಇಡ್ಲಿಯ ಹೋಟೆಲು. ಶೆಡ್ಡು ಹಾಕಿದವನು ರಂಗರಾಜು. ಗೌಡಗೆರೆಯ ಹೊರಕೇರಿಯಿಂದ ಬಂದು, ನಟ್ಟು ತಿರುಗಿಸುವ ನಾಲ್ಕು ಪಾನ, ಒಂದು ಸುತ್ತಿಗೆ ಇಟ್ಟುಕೊಂಡು ಟ್ರ್ಯಾಕ್ಟರ್ ರಿಪೇರಿಗೆ ಕೂತವನು. ತಮ್ಮ ಜಗುಲಿ ಹತ್ತಲು ಬಿಡದ ಮನೆಗಳವರೂ ಇಂಜಿನ್ನು ಕೆಟ್ಟರೆ ಅವನ ಬಾಗಿಲಿಗೇ ಬರುತ್ತಿದ್ದರು. ರಂಗರಾಜು ಬಿಚ್ಚಿ ಜೋಡಿಸಿದ ಇಂಜಿನ್ನು ಅದೇ ಕಾಯಿಲೆಗೆ ಎರಡನೇ ಸಲ ಬರುತ್ತಿರಲಿಲ್ಲ. ಈ ಮಾತನ್ನು ಅವನೇ ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದ. ಕೇಳುವವರಿಗೆ ತಲೆ ಚಿಟ್ಟು ಹಿಡಿದರೂ ಬಿಡುತ್ತಿರಲಿಲ್ಲ. ಹೇಳಿಕೊಳ್ಳಲಿ ಬಿಡಿ, ಅವನು ಸಂಪಾದಿಸಿದ್ದು ಅದೊಂದನ್ನೇ.

ಭೀಮರಾಜ ಅಪ್ಪನ ಕೈಕೆಳಗೆ ಕಲಿತು, ಆಮೇಲೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ದುಡಿದು, ಹೊಸ ಕಸುಬು ಕಲಿತು ವಾಪಸು ಬಂದಿದ್ದ. ಟ್ರ್ಯಾಕ್ಟರುಗಳ ಜೊತೆಗೆ ಅವನಿಗೆ ಇನ್ನೊಂದು ಜಾತಿಯ ಗಿರಾಕಿಗಳಿದ್ದರು. ಕಾರನ್ನು ಕಂಪನಿ ಕೊಟ್ಟ ಹಾಗೇ ಓಡಿಸಲು ಮನಸ್ಸೊಪ್ಪದವರು. ತುಮಕೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ನರಸಿಂಹರಾಜು ಅಂಥವನು. ಅವನ ಕೆಂಪು ಕಾರು ಹಳೆಯ ಮಾದರಿಯದು, ಆದರೆ ಇಂಜಿನ್ನು ಹುಟ್ಟಿದ್ದೇ ಓಟಕ್ಕೆ. ಭಾನುವಾರ ಬಂತೆಂದರೆ ರೇಸಿಗೆ ಒಯ್ಯುತ್ತಿದ್ದ. ಅದರ ಮ್ಯಾನಿಫೋಲ್ಡ್ ಬಿಚ್ಚಿ, ಹೊರದೇಶದಿಂದ ತರಿಸಿದ ಬೇರೊಂದನ್ನು ಕೂರಿಸಬೇಕಿತ್ತು. ಮ್ಯಾನಿಫೋಲ್ಡ್ ಎಂದರೆ ಹೊರಗಿನ ಗಾಳಿಯನ್ನು ಇಂಜಿನ್ನಿನ ನಾಲ್ಕು ಕಿಂಡಿಗಳಿಗೆ ಹಂಚುವ ಕೊಳವೆಗಳ ಗೊಂಚಲು. ಹೊಸದರ ಕೊಳವೆಗಳು ಅಗಲ. ಇಂಜಿನ್ನು ಹೆಚ್ಚು ಉಸಿರೆಳೆಯುತ್ತದೆ, ಹೆಚ್ಚು ಓಡುತ್ತದೆ.

ಡಬ್ಬಿ ಬಿಚ್ಚಿದಾಗ ರಂಗರಾಜು ಬಂದು ನಿಂತ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಆ ಗೊಂಚಲನ್ನು ಬೆರಳಿನಿಂದ ಸವರಿದ.

“ಗಾಡೀಲಿರೋದು ಕೆಟ್ಟೈತೇನ್ಲಾ?”

“ಇಲ್ಲಪ್ಪ, ಚೆನ್ನಾಗೈತೆ.”

“ಕೆಡದೇ ಇರೋದ್ನ ಯಾಕ್ಲಾ ಬಿಚ್ತೀಯ?”

ನರಸಿಂಹರಾಜು ನಕ್ಕ. ಭೀಮರಾಜನೂ ನಕ್ಕ. ರಂಗರಾಜು ಮಾತ್ರ ನಗಲಿಲ್ಲ.

ಈ ಮುದುಕನ ವಿಷಯಕ್ಕೆ ಮನೆಯಲ್ಲಿ ಆಗಲೇ ಒಂದು ದೊಡ್ಡ ಜಗಳ ಆಗಿ ಹೋಗಿತ್ತು. ದೀಪಾವಳಿಗೆ ಮುಂಚೆ ಬಡವನಹಳ್ಳಿಯ ಒಂದು ಟ್ರ್ಯಾಕ್ಟರಿಗೆ ಆಯಿಲ್ ಬದಲಾಯಿಸಿದ ರಂಗರಾಜು, ಕೆಳಗಿನ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟಿದ್ದ, ಪಾನ ಹಾಕಿ ಬಿಗಿ ಮಾಡಿರಲಿಲ್ಲ. ಗೇಟು ದಾಟುವಷ್ಟರಲ್ಲಿ ಭೀಮರಾಜ ನೆಲದ ಮೇಲೆ ಆಯಿಲ್ ನೋಡಿ ಓಡಿದ್ದರಿಂದ ಬಚಾವಾಯಿತು. ತುಮಕೂರಿನ ಡಾಕ್ಟರು, ಇದು ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು ಅಷ್ಟೇ ಎಂದರು. ಅವತ್ತೇ ಸುನಿತಾ, ಮಾವನಿಗೆ ಇನ್ನು ಶೆಡ್ಡು ಸಾಕು, ಪಾನಗಳನ್ನೆಲ್ಲ ಬೀಗ ಹಾಕಿ ಇಡಿ ಎಂದಳು. ಭೀಮರಾಜ ಒಪ್ಪಲಿಲ್ಲ.

“ಶೆಡ್ಡಿಗೆ ಬರಬ್ಯಾಡ ಅಂದ್ರೆ ಅಪ್ಪ ಉಳಿಯಲ್ಲ.”

“ಯಾರದೋ ಗಾಡಿ ದಾರೀಲಿ ಇಂಜಿನ್ ಸೀಜಾಗಿ ನಿಂತ್ರೆ ನಾವು ಉಳಿತೀವಾ?”

ಅತ್ತೆ ವನಜಾಕ್ಷಿ ಇಬ್ಬರ ಮಧ್ಯೆ ಸೊಪ್ಪು ಸೋಸುತ್ತ ಕೂತಿದ್ದಳು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ರಂಗರಾಜು ಶೆಡ್ಡಿನಲ್ಲಿ ಕೂರಲಿ, ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೊಡಲಿ, ಬಿಚ್ಚಿದ ಇಂಜಿನ್ನಿಗೆ ಕೈ ಹಾಕುವುದು ಬೇಡ. ಮಗ ಹೊರಗೆ ಹೋದಾಗ ತಾನು ಕಾವಲಿರುತ್ತೇನೆ ಎಂದಳು. ಎಲ್ಲರೂ ಒಪ್ಪಿದರು. ರಂಗರಾಜುವನ್ನು ಯಾರೂ ಕೇಳಲಿಲ್ಲ.

ಹಳೆಯ ಮ್ಯಾನಿಫೋಲ್ಡ್ ಬಿಚ್ಚಲು ಒಂದು ದಿನ ಹಿಡಿಯಿತು. ಬ್ಯಾಟರಿ ಕಳಚಿ, ಪೆಟ್ರೋಲಿನ ಪೈಪು ಬಿಚ್ಚಿ, ವೈರುಗಳಿಗೆಲ್ಲ ಗುರುತು ಹಚ್ಚಿ, ಗೊಂಚಲನ್ನು ಇಂಜಿನ್ನಿನ ಹಿಂದಿನ ಇಕ್ಕಟ್ಟಿನಿಂದ ಮೆಲ್ಲಗೆ ಎತ್ತಿದಾಗ ನಾಲ್ಕು ಕಿಂಡಿಗಳು ಬಾಯಿ ತೆರೆದುಕೊಂಡವು. ಆ ಕಿಂಡಿಗಳೊಳಗೆ ಒಂದು ಸಣ್ಣ ಸ್ಕ್ರೂ ಬಿದ್ದರೂ ಇಂಜಿನ್ನು ಹೋಯಿತು. ಭೀಮರಾಜ ಬೆಂಗಳೂರಿನಲ್ಲಿ ಕಲಿತ ಹಾಗೆ ಒಂದೊಂದು ಕಿಂಡಿಗೂ ಅಗಲದ ಟೇಪು ಅಂಟಿಸಿ ಮುಚ್ಚಿದ. ಹೊಸದರ ಅಂಚು ದಪ್ಪ ಇದ್ದುದರಿಂದ ಅದನ್ನು ಇಂಜಿನ್ನಿಗೆ ಬಿಗಿಯುವ ಹಳೆಯ ಸ್ಟಡ್ಡುಗಳು ಉದ್ದ ಸಾಲಲಿಲ್ಲ. ಮಾರನೆಯ ದಿನ ಉದ್ದದ ಸ್ಟಡ್ಡು ಮಾಡಿಸಲು ಶಿರಾ ಪೇಟೆಯಲ್ಲಿ ಕಬ್ಬಿಣ ಕಡೆಯುವ ಲೇತಿನವನ ಹತ್ತಿರ ಹೊರಟ. ಅಪ್ಪನಿಗೆ ಒಂದು ಡಬ್ಬ ಬೋಲ್ಟು ಕೊಟ್ಟು ಕೂರಿಸಿ, ಅಮ್ಮನಿಗೆ ಕಣ್ಣು ಸನ್ನೆ ಮಾಡಿ ಹೋದ.

ಅದು ಕಡಲೆಕಾಯಿ ಕಾಲ. ಮಿಲ್ಲು ಬೆಳಗ್ಗೆಯಿಂದ ಓಡುತ್ತಿತ್ತು, ಸಿಪ್ಪೆಯ ಧೂಳು ಗೋಡೆ ದಾಟಿ ಶೆಡ್ಡಿನ ತುಂಬ ಹಾರುತ್ತಿತ್ತು. ಬೋಲ್ಟು ತೊಳೆಯುತ್ತಿದ್ದ ರಂಗರಾಜು ಎದ್ದು ಹೋಗಿ ಬಾನೆಟ್ಟಿನೊಳಗೆ ಇಣುಕಿ ನೋಡಿದ. ಮೂರನೇ ಕಿಂಡಿಯ ಟೇಪು ಒಂದು ಮೂಲೆಯಲ್ಲಿ ಎದ್ದಿತ್ತು. ಅದರ ಪಕ್ಕದಲ್ಲಿ ಸಿಪ್ಪೆಯ ಚೂರುಗಳು ಬಂದು ಕೂತಿದ್ದವು.  ನೇರ ಅಡುಗೆಮನೆಗೆ ಹೋಗಿ ವನಜಾಕ್ಷಿಯ ಹತ್ತಿರ ಬಟ್ಟೆ ಕೇಳಿದ.

ಟ್ರ್ಯಾಕ್ಟರಿನ ಕಾಲದಲ್ಲಿ ಅವನದು ಇದೇ ಪದ್ಧತಿ. ಇಂಜಿನ್ನಿನ ತೂತು ತೆರೆದಾಗ ಹೆಂಡತಿಯ ಹಳೆಯ ನೂಲಿನ ಸೀರೆ ಹರಿದು ತುರುಕುತ್ತಿದ್ದ, ಗೇಣುದ್ದದ ತುದಿಯನ್ನು ಹೊರಗೆ ಇಳಿಬಿಡುತ್ತಿದ್ದ. ಅದಕ್ಕೆ ಬಾಲ ಎನ್ನುತ್ತಿದ್ದ. ಬಾಲ ಕಾಣುವವರೆಗೆ ಬಟ್ಟೆ ಮರೆಯುವ ಮಾತೇ ಇಲ್ಲ. ವನಜಾಕ್ಷಿಗೆ ಮೊದಲು, ಯಾಕೆ ಎಂದು ಕೇಳಬೇಕೆನಿಸಿತು. ಆದರೆ ಗಂಡ ಎಷ್ಟೋ ತಿಂಗಳಾದ ಮೇಲೆ ಬಾಗಿಲಲ್ಲಿ ನಿಂತು ಹಿಂದಿನ ಥರವೇ, ಹಿಂದಿನ ದನಿಯಲ್ಲೇ, “ಒಂದು ತುಂಡು ಕೊಡಮ್ಮಿ, ನೂಲಿಂದು” ಎಂದಿದ್ದ. ಅವಳಿಗೆ ಅಷ್ಟೇ ಸಾಕಾಯಿತು. ಪೆಟ್ಟಿಗೆ ತೆಗೆದು ಕಡುಹಸಿರು ಸೀರೆಯ ಸೆರಗನ್ನು ತಾನೇ ಹರಿದು ಕೊಟ್ಟಳು. ಕೈ ಒರೆಸಲು ಇರಬೇಕು ಎಂದುಕೊಂಡಳು. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು, ಕೋಲು ಹಿಡಿದು ತಿರುವಲು ಕೂತಳು.

ರಂಗರಾಜು ಎದ್ದಿದ್ದ ಟೇಪನ್ನು ಬಿಡಿಸಿದ. ಬಟ್ಟೆ ಸುತ್ತಿ ಕಿಂಡಿಗೆ ತುರುಕಿದ. ಬಾಲವನ್ನೂ ಬಿಟ್ಟ. ಆಮೇಲೆ ಟೇಪು ಅಂಟಿಸಲು ಹೋದರೆ ಬಾಲ ಅಡ್ಡ ಬಂತು. ಮಿಕ್ಕ ಮೂರು ಟೇಪುಗಳು ಅಚ್ಚುಕಟ್ಟಾಗಿದ್ದವು. ಮಗನ ಕೈಕೆಲಸ ಕೆಡಬಾರದು ಎಂದು ಅವನಿಗೆ ಅನ್ನಿಸಿತು. ಸ್ಕ್ರೂ ಡ್ರೈವರಿನಿಂದ ಬಾಲವನ್ನು ಒಳಕ್ಕೆ ನೂಕಿ, ಮೇಲೆ ಟೇಪನ್ನು ನೀಟಾಗಿ ಅಂಟಿಸಿ, ಹೆಬ್ಬೆರಳಿನಿಂದ ಸವರಿ ಒತ್ತಿದ. ಭೀಮರಾಜ ಬಂದ ಮೇಲೆ ಹೇಳಬೇಕು ಎಂದುಕೊಂಡು ಬೋಲ್ಟಿನ ಡಬ್ಬದ ಮುಂದೆ ಕೂತ. ಭೀಮರಾಜ ಬರುವಷ್ಟರಲ್ಲಿ ಬೋಲ್ಟುಗಳು ಮಾತ್ರ ನೆನಪಿದ್ದವು.

ಸಂಜೆ ಭೀಮರಾಜ ಹೊಸ ಸ್ಟಡ್ಡು ಹಾಕಿ, ಟೇಪುಗಳನ್ನು ಕಿತ್ತು, ಸಂದು ಮುಚ್ಚುವ ಗ್ಯಾಸ್ಕೆಟ್ ಕೂರಿಸಿದ. ಕಿಂಡಿಗಳು ಇದ್ದದ್ದು ಇಂಜಿನ್ನಿನ ಹಿಂಭಾಗದಲ್ಲಿ, ಬಗ್ಗಿ ಕೈತಡವಿನಲ್ಲೇ ಮಾಡುವ ಕೆಲಸ. ಅಂಚನ್ನು ಬೆರಳಿನಿಂದ ಸವರಿ ನೋಡಿದ. ಒಳಗೆ ಬೆಳಕು ಬಿಟ್ಟು ನೋಡಲಿಲ್ಲ. ತಾನೇ ಮುಚ್ಚಿ, ತಾನೇ ತೆಗೆದ ಕಿಂಡಿಯಲ್ಲಿ ಇನ್ನೇನಿರುತ್ತದೆ? ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಒಂದೊಂದಾಗಿ ನಟ್ಟು ಬಿಗಿದ. ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಕೂತಿತು. ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನೇ ಎರಡು ಸಲ ಹೇಳಿದ.

ಮರುದಿನ ನರಸಿಂಹರಾಜು ಬಂದ. ಕಾರು ಸ್ಟಾರ್ಟ್ ಆಯಿತು, ಆದರೆ ಒಂದು ಕಾಲು ಕುಂಟಿದ ಹಾಗೆ ಸದ್ದು. ವೈರು ಸಡಿಲ ಇರಬಹುದೆಂದು ಭೀಮರಾಜ ಬಗ್ಗಿದಾಗ, ಖುಷಿಯಲ್ಲಿದ್ದ ನರಸಿಂಹರಾಜು ಆಕ್ಸಲರೇಟರ್ ಒತ್ತಿದ. ಒಳಗೆ ಏನೋ ಟಣ್ ಎಂದಿತು, ಮತ್ತೆ ಮತ್ತೆ ಟಣ್ ಎಂದಿತು, ಇಂಜಿನ್ನು ನಿಂತೇ ಹೋಯಿತು. 

ಮ್ಯಾನಿಫೋಲ್ಡ್ ಬಿಚ್ಚಿ, ಇಂಜಿನ್ನಿನ ತಲೆಭಾಗವಾದ ಹೆಡ್ಡು ಎತ್ತುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಮೂರನೇ ಕಿಂಡಿಯ ವಾಲ್ವಿಗೆ ಬಟ್ಟೆ ಸುತ್ತಿಕೊಂಡಿತ್ತು. ವಾಲ್ವು ಮುಚ್ಚಲಾಗದೆ ಪಿಸ್ಟನ್ನಿಗೆ ಹೊಡೆದು ಬಾಗಿತ್ತು, ಪಿಸ್ಟನ್ನೂ ಸೀಳಿತ್ತು. ಭೀಮರಾಜ ಇಕ್ಕಳದಲ್ಲಿ ಬಟ್ಟೆಯನ್ನು ಎಳೆದು ಹಿಡಿದ. ಎಣ್ಣೆ ಮಸಿಯ ನಡುವೆ ಕಡುಹಸಿರು ಅಂಚು ಕಂಡಿತು. ಅಮ್ಮ ಎಷ್ಟೋ ಹಬ್ಬಗಳಿಗೆ ಉಟ್ಟ ಸೀರೆ. ಬಾಗಿಲಲ್ಲಿ ನಿಂತಿದ್ದ ವನಜಾಕ್ಷಿ ಬಾಯಿಗೆ ಸೆರಗು ಇಟ್ಟುಕೊಂಡಳು.

ರಂಗರಾಜು ಎದ್ದು ಬಂದು ಬಟ್ಟೆಯನ್ನು ನೋಡಿದ. ಅವನ ದನಿ ಗಡುಸಾಯಿತು.

“ಯಾವನ್ಲಾ ಅದು, ಬಟ್ಟೆ ಬುಟ್ಟು ಮ್ಯಾನಿಫೋಲ್ಡ್ ಕೂರ್ಸಿದೋನು?”

ನರಸಿಂಹರಾಜುವೂ ಅದನ್ನೇ ಕೇಳಬೇಕೆಂದಿದ್ದ. ಭೀಮರಾಜ ಅಪ್ಪನ ಮುಖ ನೋಡಿದ. ಅಲ್ಲಿ ಕಳ್ಳತನವಿರಲಿಲ್ಲ, ಬರೀ ಸಿಟ್ಟಿತ್ತು, ಮೇಸ್ತ್ರಿಯ ಸಿಟ್ಟು.

“ನಾನೇ ಅಪ್ಪ,” ಎಂದ.

ನರಸಿಂಹರಾಜು ಕೂಗಾಡುವ ಮನುಷ್ಯನಾಗಿರಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಕಾರನ್ನು ಬೇರೆ ಗಾಡಿಯ ಮೇಲೆ ಹೇರಿಸಿಕೊಂಡು ಬೆಂಗಳೂರಿಗೆ ಕಳಿಸಿದ, ರಿಪೇರಿಯ ಖರ್ಚು ನೀನೇ ಕೊಡಬೇಕಾಗುತ್ತದೆ ಭೀಮರಾಜ ಎಂದಷ್ಟೇ ಹೇಳಿ ಹೋದ. ತಮ್ಮ ರೇಸಿನವರ ವಾಟ್ಸಾಪಿನಲ್ಲಿ ಆ ಬಟ್ಟೆಯ ಫೋಟೋ ಹಾಕಿದ. ಅಲ್ಲಿಂದ ಮುಂದೆ ತುಮಕೂರು, ಮಧುಗಿರಿ ಕಡೆಯ ಅಂಥ ಕಾರುಗಳು ಭೀಮರಾಜನ ಶೆಡ್ಡಿನ ಮುಂದೆ ನಿಲ್ಲುವುದನ್ನೇ ಬಿಟ್ಟವು. ಸುನಿತಾಳ ಎರಡೆಳೆ ಸರ ಬ್ಯಾಂಕಿಗೆ ಹೋಯಿತು. ಅದಕ್ಕೆ ಅವಳು ಒಂದು ಮಾತೂ ಆಡಲಿಲ್ಲ.

ಅವಳಿಗೆ ತಡೆಯಲಾಗದೇ ಹೋದದ್ದು ಬೇರೆ. ಉಪ್ಪು ಮರೆಯುವ, ಬೆಳಗ್ಗೆ ತಿಂದದ್ದನ್ನು ಮರೆಯುವ ಮಾವ ಆ ಬಟ್ಟೆಯನ್ನು ಮರೆಯಲಿಲ್ಲ. ತಟ್ಟೆ ಮುಂದೆ ಬಂದರೆ ಸಾಕು, ಶುರು. “ಬಟ್ಟೆ ಬುಟ್ಟು ಬೋಲ್ಟ್ ಬಿಗಿದ್ಯಲ್ಲೋ, ನನ್ನ ಕೈಲಿ ಕಲ್ತೋನಾ ನೀನು?” ನಿನ್ನೆ ಬೈದದ್ದು ಅವನಿಗೆ ನೆನಪಿಲ್ಲ, ಹಾಗಾಗಿ ಪ್ರತಿ ಊಟಕ್ಕೂ ಸಿಟ್ಟು ಹೊಸದು. ಭೀಮರಾಜ ಪ್ರತಿ ಊಟಕ್ಕೂ ತಪ್ಪಾಯ್ತಪ್ಪ, ಇನ್ಮೇಲೆ ನೋಡ್ಕೋತೀನಿ ಎನ್ನುತ್ತಿದ್ದ. ವನಜಾಕ್ಷಿ ಸಾರು ಬಡಿಸುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. ತೇಜಸ್ವಿನಿ ತಟ್ಟೆ ಎತ್ತಿಕೊಂಡು ಹಿತ್ತಿಲಲ್ಲಿ ಹೋಗಿ ಕೂತು ಉಣ್ಣತೊಡಗಿದಳು.

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವನಜಾಕ್ಷಿ ಸೊಸೆಯ ಮುಂದೆ ಎಲ್ಲವನ್ನೂ ಹೇಳಿದಳು, ಸೆರಗು ಹರಿದು ಕೊಟ್ಟದ್ದನ್ನೂ. ಸುನಿತಾಗೆ ಗೊತ್ತಿಲ್ಲದ್ದೇನಲ್ಲ. ಸೀರೆ ಅವಳೂ ನೋಡಿದ್ದಳಲ್ಲ. ನೀವಾದರೂ ಮಾವನಿಗೆ ಹೇಳಬಹುದಿತ್ತು ಅತ್ತೆ ಎಂದಳು.

“ಹೆಂಗೆ ಹೇಳ್ಲಿ ಕಣಮ್ಮ? ಅವರಿಗೆ ಇರೋದೊಂದೇ ಹೆಸರು.”

“ನಿಮ್ಮ ಮಗನಿಗೆ ಹೆಸರು ಬೇಡ್ವಾ?”

ವನಜಾಕ್ಷಿ ಹಿಂಡಿಟ್ಟ ಬಟ್ಟೆಯನ್ನು ತೆಗೆದು ಮತ್ತೆ ಕಲ್ಲಿಗೆ ಬಡಿದಳು. 

ಕಡಲೆಕಾಯಿ ಕಾಲ ಮುಗಿಯುತ್ತ ಬಂದಾಗ ಬಡವನಹಳ್ಳಿಯ ಕದರಪ್ಪ ಟ್ರ್ಯಾಕ್ಟರ್ ತಂದ. ಇಂಜಿನ್ನು ಪೂರ್ತಿ ಬಿಚ್ಚಬೇಕಾದ ಕೆಲಸ. ಎಷ್ಟೋ ವಾರಗಳ ಮೇಲೆ ಬಂದ ದೊಡ್ಡ ಕೆಲಸ. ಭೀಮರಾಜ ಒಳಗೆ ಟೀ ಹೇಳಲು ಬಂದಿದ್ದ, ಅಷ್ಟರಲ್ಲಿ ರಂಗರಾಜು ಕದರಪ್ಪನನ್ನು ಪಕ್ಕಕ್ಕೆ ಕರೆದು, ನಿನ್ನ ಗಾಡಿ ನನ್ನ ಮಗನ ಕೈಗೆ ಕೊಡಬ್ಯಾಡ, ಒಳಗೆ ಬಟ್ಟೆ ಬುಡ್ತಾನೆ, ಒಂದು ಒಳ್ಳೆ ಇಂಜಿನ್ನು ತಿಂದು ಹಾಕವನೆ ಎಂದು ಬುದ್ಧಿ ಹೇಳಿದ್ದ. ಶೆಡ್ಡಿನ ಮರ್ಯಾದೆ ಉಳಿಸುವುದು ತನ್ನ ಕರ್ತವ್ಯ ಎಂದೇ ಅವನು ಹೇಳಿದ್ದು. ಸ್ವಂತ ತಂದೆಯೇ ಹೀಗೆಂದರೆ ಯಾರು ತಾನೇ ನಿಲ್ಲುತ್ತಾರೆ? ಟೀ ಬರುವಷ್ಟರಲ್ಲಿ ಟ್ರ್ಯಾಕ್ಟರ್ ರಸ್ತೆಗೆ ಇಳಿದಿತ್ತು.

ಅವತ್ತು ಭಾನುವಾರ. ಮಧ್ಯಾಹ್ನದ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ರಂಗರಾಜು ಮುದ್ದೆ ಮುರಿಯುವ ಮುಂಚೆಯೇ ಮಗನ ಕಡೆ ತಿರುಗಿದ. ಉಣ್ಣಾಕೆ ನಾಚ್ಕೆ ಆಗಲ್ವೇನ್ಲಾ ಎಂದ.

ಸುನಿತಾ ಸೌಟನ್ನು ಪಾತ್ರೆಗೆ ಬಿಟ್ಟಳು.

“ಬಟ್ಟೆ ಬಿಟ್ಟಿದ್ದು ಅವರಲ್ಲ ಮಾವ. ನೀವು.”

ಭೀಮರಾಜ, “ಸುನಿತಾ, ಬ್ಯಾಡ,” ಎಂದ. ಅವಳು ನಿಲ್ಲಿಸಲಿಲ್ಲ. ಅವರು ಪೇಟೆಗೆ ಹೋದಾಗ ನೀವು ತುರುಕಿದ್ರಿ, ಮೇಲೆ ಟೇಪ್ ಅಂಟಿಸಿದ್ರಿ, ಅವರಿಗೆ ಹೇಳಲಿಲ್ಲ, ನಿಮ್ಮ ಮಾನ ಹೋಗಬಾರದು ಅಂತ ಅವರು ಎಲ್ಲರ ಎದುರು ಮೈಮೇಲೆ ಹಾಕಿಕೊಂಡರು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. 

ರಂಗರಾಜು ಮೊದಲು ನಕ್ಕ. ಹೆಂಡತಿಯ ಕಡೆ ತಿರುಗಿ, “ಏನಮ್ಮಿ, ಏನಂತಾಳೆ ಇವಳು?” ಎಂದ. ವನಜಾಕ್ಷಿ ಒಂದು ಸುಳ್ಳು ಹೇಳಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದಳು, ಅಳು ಬಂತು. ನಾನೇ ಹರಿದು ಕೊಟ್ಟೆ, ನನ್ನ ಹಸಿರು ಸೀರೆ ಎಂದಳು.

ಈಗ ಅವನು ಮಗನನ್ನು ನೋಡಿದ. ಭೀಮರಾಜ, “ಇವರ ಮಾತು ಕೇಳಬ್ಯಾಡಪ್ಪ, ನಾನೇ ಬುಟ್ಟಿದ್ದು,” ಎಂದ.

“ಆ ಬಟ್ಟೇಗೆ ಬಾಲ ಇತ್ತೇನ್ಲಾ?”

“ಇರ್ಲಿಲ್ಲ.”

“ಅಂಗಾದ್ರೆ ನಾನಲ್ಲ. ನಾನು ಬಾಲ ಬುಡದೆ ಯಾವತ್ತೂ ತುರುಕಿಲ್ಲ.” ಮುದುಕನ ಮುಖ ಬೆಳಗಿತು. ಗೆದ್ದೆ ಎನ್ನುವಂತೆ ಒಬ್ಬೊಬ್ಬರನ್ನೇ ನೋಡಿದ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ಕೈ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.  ಹೆಬ್ಬೆರಳು ತಾನಾಗಿಯೇ ಗಾಳಿಯಲ್ಲಿ ಏನನ್ನೋ ಸವರಿ ಒತ್ತಿತು.

“ಬಾಲ ಇದ್ರೆ ಟೇಪು ಅಂಟಲ್ಲ,” ಎಂದ, ನಿಧಾನವಾಗಿ.

 ರಂಗರಾಜು ತುತ್ತನ್ನು ತಟ್ಟೆಗೆ ಇಳಿಸಿದ, ಎದ್ದು ಹೋಗಿ ಕೈ ತೊಳೆದ. ಒಮ್ಮೆ ತೊಳೆದು, ಶೆಡ್ಡಿಗೆ ಹೋಗಿ ಸೀಮೆಎಣ್ಣೆಯಲ್ಲಿ ತೊಳೆದ, ಮತ್ತೆ ಸೋಪು ಹಾಕಿ ತೊಳೆದ. ಬಂದು ಗೋಡೆಗೆ ಮುಖ ಮಾಡಿ ಮಲಗಿದ.

ಮೊದಲ ಕೆಲವು ದಿನ ಮನೆ ನಿಶ್ಶಬ್ದವಾಗಿತ್ತು. ಊಟದಲ್ಲಿ ಬೈಗುಳವಿಲ್ಲ. ತೇಜಸ್ವಿನಿ ಮತ್ತೆ ಒಳಗೆ ಬಂದು ಕೂತು ಉಂಡಳು. ಸುನಿತಾಗೆ ಸಂಕಟವಾದರೂ, ಒಳಗೊಳಗೆ ಸಮಾಧಾನವೂ ಆಗಿತ್ತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಗೂ ಮಾವನಿಗೆ ಮರೆವು, ಇದನ್ನೂ ಮರೆತು ಮತ್ತೆ ಶೆಡ್ಡಿಗೆ ಹೋಗುತ್ತಾರೆ ಎಂದು ಅವಳು ಅತ್ತೆಗೆ ಧೈರ್ಯ ಹೇಳಿದಳು. ವನಜಾಕ್ಷಿಯೂ ಅದನ್ನೇ ನಂಬಿಕೊಂಡು ಕಾದಳು.

ಒಂದು ಬೆಳಗ್ಗೆ ಹಾಸಿಗೆಯಲ್ಲಿ ಅವನಿರಲಿಲ್ಲ. ಎದುರಿನ ಹೋಟೆಲಿನ ಹುಡುಗ ಬಂದು ಕರೆದ. ಇಡ್ಲಿ ತಿಂದು ಹೊರಡುತ್ತಿದ್ದ ಒಂದು ಕಾರಿನ ಮುಂದೆ ರಂಗರಾಜು ಎರಡೂ ಕೈ ಅಗಲಿಸಿ ನಿಂತಿದ್ದ.

“ಸ್ಟಾರ್ಟ್ ಮಾಡಬ್ಯಾಡಿ ಸ್ವಾಮಿ. ನಾನು ಒಳಗೆ ಬಟ್ಟೆ ಬುಟ್ಟಿವ್ನಿ.”

ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ಭೀಮರಾಜ ಓಡಿ ಹೋಗಿ ಅಪ್ಪನನ್ನು ಹಿಡಿದುಕೊಂಡ, ಇದು ನಾವು ಮುಟ್ಟಿದ ಗಾಡಿಯೇ ಅಲ್ಲ ಎಂದು ತಿಳಿಹೇಳಿದ. ರಂಗರಾಜು ಕೇಳಲಿಲ್ಲ. ಬಾನೆಟ್ ತೆಗೆದು ತೋರಿಸುವವರೆಗೆ ಕದಲಲಿಲ್ಲ. ತೋರಿಸಿದ ಮೇಲೆ ಇಣುಕಿ ನೋಡಿ, ಕೈ ಹಾಕಿ ತಡವಿ, ಇದರಲ್ಲಿಲ್ಲ ಎಂದ. ಅಷ್ಟರಲ್ಲಿ ಹಿಂದೊಂದು ವ್ಯಾನು ಬಂದಿತ್ತು, ಅದರತ್ತ ಹೊರಟ.

ದಿನಗಳು ಹಾಗೇ ಸಾಗಿದವು. ಅವನು ಉಪ್ಪು ಮರೆತ, ದಾರಿ ಮರೆತ. ಒಂದು ಮಧ್ಯಾಹ್ನ ವನಜಾಕ್ಷಿಯನ್ನು ನೀನು ಯಾರ ಮನೆಯವಳಮ್ಮ ಎಂದು ಕೇಳಿದ. ಬಟ್ಟೆ ಬಿಟ್ಟವನು ತಾನು ಎಂಬುದನ್ನು ಮಾತ್ರ ಮರೆಯಲಿಲ್ಲ. ಯಾವ ಗಾಡಿಯಲ್ಲಿ ಎಂಬುದನ್ನು ಮರೆತಿದ್ದ, ಹಾಗಾಗಿ ರಸ್ತೆಯ ಎಲ್ಲ ಗಾಡಿಗಳೂ ಅವನವೇ ಆದವು. ಕೆಲವು ಸಂಗತಿ ಯಾಕೆ ಉಳಿಯುತ್ತದೆ, ಕೆಲವು ಯಾಕೆ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ಮಾತ್ರೆಯ ಹೆಸರು ಬದಲಾಯಿಸಿ ಬರೆದುಕೊಟ್ಟರು.

ಭೀಮರಾಜ ದಿನಾ ಅವನ ಪಕ್ಕ ಕೂತು ಹೇಳಿ ನೋಡಿದ. ಬುಟ್ಟಿದ್ದು ನಾನಪ್ಪ, ನೀನಲ್ಲ, ಸುನಿತಾ ಏನೋ ಸಿಟ್ಟಲ್ಲಿ ಅಂದ್ಳು.

“ನನ್ನ ಸಮಾಧಾನಕ್ಕೆ ಹೇಳ್ತೀಯ,” ಎನ್ನುತ್ತಿದ್ದ ರಂಗರಾಜು, ಮಗನ ಬೆನ್ನು ಸವರುತ್ತ. “ನೀನು ಒಳ್ಳೆ ಕೆಲಸಗಾರ ಕಣ್ಲಾ. ನನ್ನಿಂದ ನಿನ್ನ ಹೆಸರು ಕೆಟ್ಟೋಯ್ತು.”

ಎಷ್ಟೋ ವರ್ಷಗಳಿಂದ ಅಪ್ಪನ ಬಾಯಲ್ಲಿ ಬರಲೆಂದು ಕಾದಿದ್ದ ಮಾತು ಅದು. ಭೀಮರಾಜ ಎದ್ದು ಶೆಡ್ಡಿಗೆ ಹೋಗಿ ಸುಮ್ಮನೆ ಒಂದು ಪಾನ ಹಿಡಿದು ಕೂತಿರುತ್ತಿದ್ದ, ಕೆಲಸವಿರಲಿ ಇಲ್ಲದಿರಲಿ.

ಬಾಗಿಲಿಗೆ ಬೀಗ ಹಾಕಿ ನೋಡಿದರು. ರಸ್ತೆಯಲ್ಲಿ ಹಾರ್ನ್ ಕೇಳಿದಾಗಲೆಲ್ಲ ಒಳಗಿನಿಂದ ಬಾಗಿಲು ಬಡಿಯುತ್ತಿದ್ದ, ಕೈ ಊದಿಕೊಳ್ಳುವವರೆಗೆ. ಬೀಗ ತೆಗೆದರು. ಕೊನೆಗೆ ದಿನಾ ಸಂಜೆ ಒಂದಿಷ್ಟು ಹೊತ್ತು ಯಾರಾದರೂ ಹೋಟೆಲಿನ ಮುಂದಕ್ಕೆ ಕರೆದುಕೊಂಡು ಹೋಗುವುದು, ಕಾರಿನವರನ್ನು ಕೇಳಿಕೊಂಡು ಒಂದೆರಡು ಬಾನೆಟ್ ತೆಗೆಸುವುದು, ಆಮೇಲೆ ಮನೆಗೆ ಕರೆತರುವುದು ಎಂದಾಯಿತು. ಕಸ ಗುಡಿಸುವ, ನೀರು ಹಿಡಿಯುವ ಕೆಲಸಗಳ ಜೊತೆಗೆ ಇದೂ ಒಂದು. ನಾನು ಹೋಗುತ್ತೇನೆ ಎಂದು ಸುನಿತಾ ತಾನೇ ವಹಿಸಿಕೊಂಡಳು. ಬೇರೆಯವರಿಗೆ ಬಿಡಲಿಲ್ಲ. ಅವತ್ತು ಊಟದಲ್ಲಿ ಬಾಯಿ ಬಿಟ್ಟದ್ದಕ್ಕೆ ಅತ್ತೆ ಅವಳಿಗೆ ಒಂದು ಮಾತೂ ಆಡಿರಲಿಲ್ಲ, ಗಂಡನೂ ಆಡಿರಲಿಲ್ಲ. ಆಡಿದ್ದರೆ ಅವಳಿಗೆ ಉಸಿರಾದರೂ ಬರುತ್ತಿತ್ತು.

ಶಾಲೆಯಿಂದ ಬಂದು, ಚೀಲ ಇಟ್ಟು, ಮಾವನಿಗೆ ಚಪ್ಪಲಿ ಹಾಕಿಸಿ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳು. ಕೆಲವರು ಬಾನೆಟ್ ತೆಗೆಯುತ್ತಿದ್ದರು, ಮುದುಕ ಇಣುಕಿ ನೋಡುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಕೆಲವರು ಚಿಲ್ಲರೆ ಕೊಡಲು ಬರುತ್ತಿದ್ದರು. ಅದಕ್ಕೆ ಅವಳು ಬೇಡ ಎಂದು ಕೈ ಮುಗಿಯುತ್ತಿದ್ದಳು.

ಒಂದು ಸಂಜೆ ಬಂದದ್ದು ಪಾವಗಡ ಕಡೆಯ ಒಂದು ಕಾರು. ಸುನಿತಾ ಕೇಳಿಕೊಂಡಳು, ಒಂದೇ ನಿಮಿಷ ಬಾನೆಟ್ ತೆಗೀರಿ ಸಾರ್, ನೋಡಿಬಿಟ್ಟು ಸುಮ್ಮನಾಗ್ತಾರೆ ಎಂದು. ಕಾರಿನವನಿಗೆ ಅವಸರವಿತ್ತು. ಹಿಂದಿನ ಸೀಟಿನಲ್ಲಿ ಮಗು ಅಳುತ್ತಿತ್ತು. ಆಗಲ್ಲಮ್ಮ ಎಂದು ಕೀಲಿ ತಿರುಗಿಸಿದ. ಬ್ಯಾಡ, ಬ್ಯಾಡ ಸ್ವಾಮಿ ಎನ್ನುತ್ತ ರಂಗರಾಜು ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿದ. ಇಂಜಿನ್ನು ಒಂದಿಷ್ಟೂ ಕುಂಟದೆ ಸ್ಟಾರ್ಟ್ ಆಯಿತು. ಕಾರು ಹಿಂದಕ್ಕೆ ಸರಿದು, ತಿರುಗಿ, ರಸ್ತೆ ಹಿಡಿದು ಹೊರಟುಹೋಯಿತು.

ರಂಗರಾಜು ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆ ಕುಕ್ಕರಿಸಿದ.

“ಹೋಯ್ತು ಕಣಮ್ಮ, ಒಳ್ಳೇ ಇಂಜಿನ್ನು,” ಎಂದ. “ಮುಂದೆ ಎಲ್ಲೋ ನಿಂತೋಯ್ತದೆ. ಹಿಂದ್ಗಡೆ ಮಗ ಇತ್ತು.”

“ಏನೂ ಆಗಲ್ಲ ಮಾವ. ಅದರಲ್ಲಿ ಬಟ್ಟೆ ಇರಲಿಲ್ಲ.”

“ನೀನು ನೋಡ್ದ್ಯಾ?”

ಅವಳು ನೋಡಿರಲಿಲ್ಲ. ನೋಡಿದೆ ಎಂದಳು. ಅವನು ನಂಬಲಿಲ್ಲ. ಏಳಿ ಮಾವ, ಕತ್ತಲಾಗ್ತಾ ಬಂತು, ಮನೆಗೆ ಹೋಗೋಣ ಎಂದು ತೋಳು ಹಿಡಿದು ಎತ್ತಲು ನೋಡಿದಳು, ಅವನು ಏಳಲಿಲ್ಲ. ಅವಳೂ ಅವನ ಪಕ್ಕದಲ್ಲೇ, ಹೋಟೆಲಿನವರು ಎರಚಿದ್ದ ನೀರಿನ ಮೇಲೆ, ಕೂತುಬಿಟ್ಟಳು. ಅಷ್ಟರಲ್ಲಿ ಮಧುಗಿರಿ ಕಡೆಯಿಂದ ಇನ್ನೊಂದು ಕಾರು ಬಂದು ಅವರ ಎದುರಿಗೆ ನಿಂತಿತು.